ಕಕ್ಕಡದ ಮಳೆಯಲ್ಲಿ ಹಿಡಿದ ತೈಲಚಿತ್ರಗಳು: ಮುಗಿಯುವ ಮೊದಲೇ ತೋರಿಸುವುದೇ, ಒಣಗುವವರೆಗೆ ಕಾಯುವುದೇ?

ಗಾಳಿಬೀಡು ಕುಂಚ · ಜುಲೈ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ಏಕವ್ಯಕ್ತಿ ಪ್ರದರ್ಶನವೊಂದನ್ನು ಮಾಡಬೇಕೆಂಬ ಆಸೆಯಿಂದ, ಮನೆಯ ಹಳೆಯ ಪಾತ್ರೆಗಳನ್ನೂ ತೋಟದ ಸಾಮಾನುಗಳನ್ನೂ ಮೇಜಿನ ಮೇಲೆ ಜೋಡಿಸಿಕೊಂಡು ತೈಲವರ್ಣದಲ್ಲಿ ಸ್ಟಿಲ್ ಲೈಫ್ ಚಿತ್ರಗಳ ಸರಣಿಯೊಂದನ್ನು ಬರೆಯುತ್ತಿದ್ದೇನೆ. ಸದ್ಯಕ್ಕೆ ಮೂರು ಚಿತ್ರಗಳು ಕೈಯಲ್ಲಿವೆ. ಮೊದಲನೆಯದರಲ್ಲಿ ಹಿತ್ತಾಳೆಯ ಕಿಂಡಿಯೂ (ಕೊಕ್ಕಿರುವ ನೀರಿನ ಪಾತ್ರೆ) ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ತುಂಬಿದ ಹಳೆಯ ಗಾಜಿನ ಬಾಟಲಿಯೂ ಗೋಣಿಚೀಲದ ಮೇಲಿವೆ; ಕಂದು ಬಣ್ಣದ ತಳಪದರ ಮುಗಿದು ಕಿಂಡಿಯ ಮೇಲೆ ಬಣ್ಣ ಕೂರಿಸುವ ಹಂತದಲ್ಲಿದೆ. ಎರಡನೆಯದು ತೋಟಕ್ಕೆ ಸಿಂಪಡಿಸುವ ಮೈಲುತುತ್ತದ ಕಲೆ ಹಿಡಿದ ಪ್ಲಾಸ್ಟಿಕ್ ಬಕೆಟ್ಟು ಮತ್ತು ಸ್ಪ್ರೇಯರಿನ ನಾಜಲ್. ಮೂರನೆಯದಕ್ಕೆ ಕ್ಯಾನ್ವಾಸ್ ಮಾತ್ರ ಸಿದ್ಧವಾಗಿದೆ: ಆಗಸ್ಟ್ 3ರಂದು, ಕೊಡಗಿನ ಕಕ್ಕಡ ಮಾಸದ ಹದಿನೆಂಟಕ್ಕೆ, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದಾಗ ಆ ಬಟ್ಟಲನ್ನೇ ಬರೆಯಬೇಕೆಂದಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ಈ ಮಳೆಯಲ್ಲಿ ಹಿಡಿದ ಚಿತ್ರಗಳು ಜನವರಿಯ ಹೊತ್ತಿಗೆ ಗೋಡೆಗೆ ಏರುವಷ್ಟು ಒಣಗುತ್ತವೆಯೇ? ಮತ್ತು, ಮುಗಿಯದ ಚಿತ್ರಗಳ ಫೋಟೊಗಳನ್ನು ಹಂತಹಂತವಾಗಿ ಇಲ್ಲಿ ಹಾಕುವುದರಿಂದ ಮುಂದೆ ಪ್ರದರ್ಶನದ ಸ್ವಾರಸ್ಯ ಕೆಡುತ್ತದೆಯೇ?

ವಿರಾಜಪೇಟೆ ಡ್ರಾಯಿಂಗ್ ಮೇಷ್ಟ್ರು

ಮೊದಲ ಪ್ರಶ್ನೆಗೆ ಉತ್ತರಿಸುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ತೈಲವರ್ಣವು ಒದ್ದೆ ಬಟ್ಟೆಯ ಹಾಗೆ ನೀರು ಆರಿ ಒಣಗುವುದಿಲ್ಲ. ಅಗಸೆ ಎಣ್ಣೆಯು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾದ ಪೊರೆಯಾಗುತ್ತದೆ. ಆದುದರಿಂದಲೇ ಬಿಸಿಗಾಳಿ ಬೀಸಿದರೆ ಕೆಲಸ ಬೇಗ ಆಗುವುದೆಂಬ ಭರವಸೆ ಬೇಡ. ಬೆಳಕು, ಗಾಳಿಯಾಟ, ಹದವಾದ ಶಾಖ ಇವು ನೆರವಾಗುತ್ತವೆ. ಕತ್ತಲೆ, ಚಳಿ, ತೇವ ಇವು ತಡೆಯುತ್ತವೆ. ಗಾಳಿಬೀಡಿನ ಜುಲೈ ತಿಂಗಳಿನಲ್ಲಿ ಈ ಕೊನೆಯ ಮೂರೂ ಧಾರಾಳವಾಗಿ ಸಿಗುತ್ತವೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಬಣ್ಣಗಳಲ್ಲಿಯೂ ವ್ಯತ್ಯಾಸವಿದೆ. ರಾ ಅಂಬರ್, ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತವೆ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ ಹಳದಿ ಮತ್ತು ಕೆಂಪು, ಕುಸುಬೆ ಎಣ್ಣೆಯಲ್ಲಿ ಅರೆದ ಟೈಟಾನಿಯಂ ವೈಟ್ ಇವು ಬಹಳ ಸತಾಯಿಸುತ್ತವೆ. ತಾವು ತಳಪದರಕ್ಕೆ ಅಂಬರನ್ನು ಬಳಸಿರುವುದು ಒಳ್ಳೆಯದೇ ಆಯಿತು. ಕಾಚಂಪುಳಿಯ ಕಪ್ಪಿಗೆ ಮಾತ್ರ ಐವರಿ ಬ್ಲ್ಯಾಕನ್ನು ಮುಟ್ಟಬೇಡಿ. ಅಲ್ಟ್ರಾಮೆರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಅದಕ್ಕಿಂತ ಆಳವಾದ, ಅದಕ್ಕಿಂತ ಬೇಗ ಒಣಗುವ ಕಪ್ಪು ದೊರೆಯುತ್ತದೆ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚು ಎಂಬ ಹಳೆಯ ಕ್ರಮವನ್ನು ಮೀರಿದರೆ, ನಿಧಾನವಾಗಿ ಒಣಗುವ ಕೆಳಪದರವು ಮೇಲಿನ ಗಟ್ಟಿ ಪದರವನ್ನು ಎಳೆದು ಬಿರುಕು ಬಿಡಿಸುತ್ತದೆ.

ಜನವರಿಯ ಹೊತ್ತಿಗೆ ಚಿತ್ರವು ಮುಟ್ಟುವಷ್ಟು ಒಣಗಿರುತ್ತದೆ. ಆದರೆ ಸಾಂಪ್ರದಾಯಿಕವಾದ ಕೊನೆಯ ವಾರ್ನಿಷ್‌ಗೆ ಆರು ತಿಂಗಳಿನಿಂದ ಒಂದು ವರ್ಷ ಕಾಯಬೇಕು. ಮುಟ್ಟುವಷ್ಟು ಒಣಗುವುದಕ್ಕೂ ಪೂರ್ತಿ ಒಣಗುವುದಕ್ಕೂ ಇರುವ ಈ ಅಂತರವನ್ನು ನಮ್ಮಲ್ಲಿ ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗೋಡೆ ಮತ್ತು ಮೊಳೆ, ಮೈಸೂರು

ಎರಡನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ. ಪ್ರದರ್ಶನಗಳಲ್ಲಿ ಚಿತ್ರಗಳನ್ನು ಜೋಡಿಸಿ ತೂಗುಹಾಕುವ ಕೆಲಸದಲ್ಲಿರುವುದರಿಂದ ಹೇಳುತ್ತಿದ್ದೇನೆ: ಹಂತಹಂತದ ಫೋಟೊಗಳನ್ನು ಧಾರಾಳವಾಗಿ ಹಾಕಿರಿ, ಆದರೆ ಮುಕ್ತಾಯದ ಫೋಟೊವನ್ನು ಹಾಕಬೇಡಿ. ತಳಪದರವನ್ನು ನೋಡಿದವರು ಅದರ ಮೇಲೆ ಏನಾಯಿತು ಎಂಬ ಕುತೂಹಲದಿಂದಲೇ ಬರುತ್ತಾರೆ. ಮೊಬೈಲಿನ ಪರದೆಯಲ್ಲಿ ಮುಗಿದ ಚಿತ್ರವನ್ನು ನೋಡಿಯಾದ ಮೇಲೆ ಮೂಲಚಿತ್ರದ ಅಳತೆ, ಬಣ್ಣದ ದಪ್ಪ, ಕುಂಚದ ಜಾಡು ಇವನ್ನು ನೋಡಬೇಕೆಂದು ಎಷ್ಟು ಮಂದಿ ಘಟ್ಟ ಹತ್ತಿ ಅಥವಾ ಇಳಿದು ಬರುತ್ತಾರೆ?

ಮುಗಿಯದ ಕೆಲಸವನ್ನು ಜನರ ಎದುರಿಗೆ ಇಡುವುದು ಹೊಸದೇನೂ ಅಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನದ ಉದ್ಘಾಟನೆಗೆ ಮುನ್ನ ಕಲಾವಿದರಿಗೆ ವಾರ್ನಿಷ್ ಹಚ್ಚುವುದಕ್ಕೆಂದು ದಿನಗಳನ್ನು ಬಿಟ್ಟುಕೊಡುತ್ತಿದ್ದರು. ಚಿತ್ರಕಾರ ಟರ್ನರ್ ಆ ದಿನಗಳಲ್ಲಿ ಗೋಡೆಯ ಮೇಲಿದ್ದ ಚಿತ್ರವನ್ನೇ ಉಳಿದ ಕಲಾವಿದರ ಕಣ್ಣೆದುರು ಬರೆದು ಮುಗಿಸುತ್ತಿದ್ದ.

ಸಿದ್ದಾಪುರ ತೋಟ

ನಾನು ಚಿತ್ರಕಾರನಲ್ಲ, ಕಾಫಿ ಮತ್ತು ಮೆಣಸು ಬೆಳೆಯುವವನು. ಅಪರೂಪಕ್ಕೆ ಚಿತ್ರಗಳನ್ನು ಕೊಳ್ಳುತ್ತೇನೆ. ಆದುದರಿಂದ ಕೊಳ್ಳುವವನ ಮಾತೆಂದು ಇದನ್ನು ತೆಗೆದುಕೊಳ್ಳಿ. ಕಿಂಡಿ, ತೂಕ್ ಬೊಳಕ್ (ತೂಗುದೀಪ), ಒಡಿಕತ್ತಿ, ಪೀಚೆಕತ್ತಿ ಇವುಗಳ ಚಿತ್ರಗಳು ಕೊಡಗಿನ ಪ್ರತಿಯೊಂದು ಹೋಂಸ್ಟೇಯ ಗೋಡೆಯ ಮೇಲೂ ಇವೆ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಹಿತ್ತಾಳೆಯನ್ನು ತೋರಿಸಿ ಹಳೆಯ ಕಾಲಕ್ಕೆ ನಿಟ್ಟುಸಿರು ಬಿಡಿಸುವ ಚಿತ್ರಗಳು ನನಗೆ ಸಾಕಾಗಿವೆ. ತಮ್ಮ ಬಕೆಟ್ಟಿನ ಚಿತ್ರ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು, ಏಕೆಂದರೆ ಅದು ನನ್ನ ಗೋದಾಮಿನಲ್ಲಿಯೂ ಇದೆ.

ಆದರೆ ಅದರ ನೀಲಿ ಸರಿಯಿಲ್ಲ. ಫೋಟೊದಲ್ಲಿ ಕಾಣುತ್ತಿರುವುದು ಬರಿಯ ಮೈಲುತುತ್ತದ ಕಡುನೀಲಿ. ಮೆಣಸಿಗೆ ನಾವು ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಇರುತ್ತದೆ. ಸುಣ್ಣ ಸೇರಿದೊಡನೆ ಬಣ್ಣವು ತಿಳಿ ಆಕಾಶನೀಲಿಗೆ ತಿರುಗುತ್ತದೆ, ಒಣಗಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಬಿಳಿಚಿದ ಪೊರೆಯಾಗಿ ಕೂರುತ್ತದೆ. ಬೆಳೆಗಾರರು ಯಾರಾದರೂ ಪ್ರದರ್ಶನಕ್ಕೆ ಬಂದರೆ ಮೊದಲು ನೋಡುವುದು ಇದನ್ನೇ.

ಗಾಳಿಬೀಡು ಕುಂಚ · ಆಗಸ್ಟ್

ಸಿದ್ದಾಪುರದವರ ಮಾತು ಬಹಳ ಉಪಯೋಗಕ್ಕೆ ಬಂತು. ಆ ಕಡುನೀಲಿ ಇನ್ನೂ ಕೆಳಗಿನ ಪದರ ಮಾತ್ರ. ಅದು ಪೂರ್ತಿ ಬಿಗಿದ ಮೇಲೆ, ಸೆರುಲಿಯನ್ ನೀಲಿಗೆ ಹೆಚ್ಚು ಬಿಳಿ ಸೇರಿಸಿ, ಗಟ್ಟಿ ಕೂದಲಿನ ಒಣ ಕುಂಚದಿಂದ ತೆಳುವಾಗಿ ಉಜ್ಜಿದರೆ ತಾವು ಹೇಳುವ ಸುಣ್ಣದ ಪೊರೆ ತಾನಾಗಿಯೇ ಹುಟ್ಟುತ್ತದೆ; ಕೆಳಗಿನ ನೀಲಿ ಅಲ್ಲಲ್ಲಿ ಇಣುಕುವುದರಿಂದ ಕಲೆಗೆ ವಯಸ್ಸು ಬರುತ್ತದೆ. ನೇರವಾಗಿ ತಿಳಿನೀಲಿಯನ್ನೇ ಬಳಿದಿದ್ದರೆ ಬಕೆಟ್ಟು ಹೊಸದಾಗಿ ಬಣ್ಣ ಹೊಡೆದಂತೆ ಕಾಣುತ್ತಿತ್ತು.

ಮದ್ದು ಪಾಯಸವನ್ನು ಹಬ್ಬದ ದಿನವೇ ಬರೆಯಲು ಕುಳಿತೆ. ಸೊಪ್ಪು ಬೇಯಿಸಿದ ನೀರಿನ ಆ ನೇರಳೆ ಬಣ್ಣವು ಬಟ್ಟಲಿನ ಮಧ್ಯದಲ್ಲಿ ಬಹುಮಟ್ಟಿಗೆ ಕಪ್ಪೇ ಆಗಿದ್ದು, ಅಂಚಿನಲ್ಲಿ ತೆಳುವಾದಲ್ಲಿ ಮಾತ್ರ ತನ್ನ ನಿಜವಾದ ಬಣ್ಣವನ್ನು ಬಿಟ್ಟುಕೊಡುತ್ತದೆ. ಬಟ್ಟಲು ಹಿತ್ತಾಳೆಯದು, ಹಳದಿಯೂ ನೇರಳೆಯೂ ಪರಸ್ಪರ ಪೂರಕ ಬಣ್ಣಗಳಾದ್ದರಿಂದ ಒಂದು ಇನ್ನೊಂದನ್ನು ಎತ್ತಿ ಹಿಡಿಯುತ್ತದೆ, ನಾನು ಹೆಚ್ಚು ಮಾಡಬೇಕಾದದ್ದೇನೂ ಇರಲಿಲ್ಲ. ತೊಂದರೆ ಇರುವುದು ಬೇರೆ ಕಡೆ. ಪಾಯಸ ಆರುತ್ತ ಬಂದಂತೆ ಮೇಲೆ ಕೆನೆಗಟ್ಟಿ ಹೊಳಪು ಮಾಸಿತು. ಬಣ್ಣದ ಟಿಪ್ಪಣಿಯನ್ನು ಸಣ್ಣ ಹಲಗೆಯ ಮೇಲೆ ಇಳಿಸಿಕೊಂಡಿದ್ದೇನೆ, ಉಳಿದದ್ದು ಮುಂದಿನ ಕಕ್ಕಡಕ್ಕೆ. ಈ ಚಿತ್ರ ಜನವರಿಗೆ ಮುಗಿಯುವುದಿಲ್ಲವೆಂದು ಈಗಲೇ ತೀರ್ಮಾನಿಸಿದ್ದೇನೆ.

ವಿರಾಜಪೇಟೆ ಡ್ರಾಯಿಂಗ್ ಮೇಷ್ಟ್ರು

ಸರಿಯಾದ ತೀರ್ಮಾನ. ಹಾಲೆಂಡಿನ ಹೂವಿನ ಚಿತ್ರಕಾರ ಯಾನ್ ವಾನ್ ಹಾಯ್ಸಮ್ ಬರೆದ ಒಂದು ಹೂಗುಚ್ಛದ ಚಿತ್ರದ ಮೇಲೆ 1736 ಮತ್ತು 1737 ಎಂದು ಎರಡು ಇಸವಿಗಳಿವೆ. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬೇರೆಬೇರೆ ಋತುಗಳಲ್ಲಿ ಅರಳುವ ಹೂವುಗಳನ್ನು ಎದುರಿಗಿಟ್ಟುಕೊಂಡೇ ಬರೆಯಬೇಕೆಂಬ ಹಟವಿದ್ದವನಿಗೆ ಒಂದು ಚಿತ್ರಕ್ಕೆ ಎರಡು ವರ್ಷ ಹಿಡಿಯುವುದು ಅಸಹಜವೇನೂ ಅಲ್ಲ. ಪ್ರದರ್ಶನದ ತಾರೀಖಿಗಾಗಿ ಪಾಯಸವನ್ನು ಫೋಟೊ ನೋಡಿ ಮುಗಿಸಿದ್ದರೆ, ಅಂಚಿನ ಆ ನೇರಳೆಯನ್ನು ಕ್ಯಾಮೆರಾ ತಮಗೆ ಕೊಡುತ್ತಿರಲಿಲ್ಲ.

ಬಣ್ಣದ ಆಯ್ಕೆಯ ಬಗ್ಗೆ ಒಂದು ಎಚ್ಚರಿಕೆ. ನೇರಳೆಗೆ ಹಳೆಯ ಅಲಿಜರಿನ್ ಕ್ರಿಮ್ಸನ್ ಬಳಸಿದ್ದರೆ ಅದು ಬೆಳಕಿಗೆ ಮಾಸುವ ಬಣ್ಣ. ಟ್ಯೂಬಿನ ಮೇಲೆ ಪಿಆರ್ 83 ಎಂಬ ವರ್ಣಸಂಕೇತವಿದ್ದರೆ ಬದಿಗಿಡಿ. ಕ್ವಿನಾಕ್ರಿಡೋನ್ ವಯಲೆಟ್, ಅಂದರೆ ಪಿವಿ 19, ಅಲ್ಟ್ರಾಮೆರೀನ್ ಜೊತೆ ಸೇರಿದರೆ ಬಾಳುವ ನೇರಳೆ ಸಿಗುತ್ತದೆ.

ಸೋಮವಾರಪೇಟೆಯಿಂದ

ನಮಸ್ಕಾರ. ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಮಳೆಗಾಲದಲ್ಲಿ ನನ್ನ ಕ್ಯಾನ್ವಾಸುಗಳ ಹಿಂಭಾಗದಲ್ಲಿ ಬೂಷ್ಟು ಬರುತ್ತದೆ, ಬಟ್ಟೆ ಸಡಿಲವಾಗಿ ಜೋತುಬೀಳುತ್ತದೆ. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟ ಚಿತ್ರದ ಬಿಳಿ ಹಳದಿಗೆ ತಿರುಗಿದೆ. ಇವಕ್ಕೆಲ್ಲ ಉಪಾಯವೇನಾದರೂ ಇದೆಯೇ ಮೇಡಂ?

ಗಾಳಿಬೀಡು ಕುಂಚ

ಹಳದಿಯಾದ ಚಿತ್ರಕ್ಕೆ ಗಾಬರಿ ಬೇಡ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ಮುಖ ಹೊರಗೆ ಮಾಡಿ ಕೆಲವು ವಾರ ಇಟ್ಟರೆ ಅದರ ಬಹುಪಾಲು ಇಳಿಯುತ್ತದೆ. ಬೂಷ್ಟಿಗೆ ಮೂಲ ಕಾರಣ ತೇವವೂ ನಿಂತ ಗಾಳಿಯೂ. ಚಿತ್ರವನ್ನು ಗೋಡೆಗೆ ಒತ್ತಿ ಇಡಬೇಡಿ, ನೆಲದಿಂದ ಎತ್ತರದಲ್ಲಿ ಎರಡೂ ಕಡೆ ಗಾಳಿಯಾಡುವಂತೆ ಇಡಿ. ಪ್ರಾಣಿಜನ್ಯ ಅಂಟಿನ ಲೇಪ ಹಾಕಿದ ಕ್ಯಾನ್ವಾಸು ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಮ್ಮ ಹವೆಗೆ ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿ ತಳಲೇಪವೇ ಲೇಸು. ನಾನಂತೂ ಸಣ್ಣ ಅಳತೆಯ ಚಿತ್ರಗಳಿಗೆ ಕ್ಯಾನ್ವಾಸನ್ನೇ ಬಿಟ್ಟು, ಸೈನ್‌ಬೋರ್ಡ್ ಮಾಡುವವರ ಬಳಿ ಸಿಗುವ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ) ಹಾಳೆಗಳ ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ, ಜೆಸ್ಸೊ ಹಚ್ಚಿ ಬರೆಯುತ್ತೇನೆ. ಅವು ಹಿಗ್ಗುವುದೂ ಇಲ್ಲ, ಬೂಷ್ಟು ಹಿಡಿಯುವುದೂ ಇಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಹಾಕಿಡಿ.

ಗಾಳಿಬೀಡು ಕುಂಚ · ಸೆಪ್ಟೆಂಬರ್

ಕಿಂಡಿಯ ಚಿತ್ರಕ್ಕೆ ಅನಿರೀಕ್ಷಿತವಾದ ತಿರುವೊಂದು ಬಂದಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕತ್ತಿಗಳನ್ನೆಲ್ಲ ತೊಳೆದು ಪೂಜೆಗಿಡುವ ಸಡಗರದಲ್ಲಿ, ಮೇಜಿನ ಮೇಲಿದ್ದ ಕಿಂಡಿಯನ್ನೂ ಅತ್ತೆಯವರು ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ, ಮೊದಲಿದ್ದ ಜಾಗದಲ್ಲಿಯೇ ತಂದಿಟ್ಟಿದ್ದಾರೆ. ಮಾಸಿದ ಹಿತ್ತಾಳೆಯಲ್ಲಿ ಹಸಿರು ಕಂದು, ಸತ್ತ ಹಳದಿ, ಕೊಕ್ಕಿನ ಬುಡದಲ್ಲಿ ಬಹುಮಟ್ಟಿಗೆ ಕೆಂಪು ಇದ್ದವು. ಈಗ ಅದು ಕನ್ನಡಿ: ಕಿಟಕಿ, ಈಸೆಲ್, ನನ್ನ ಕೆಂಪು ಸ್ವೆಟರ್ ಎಲ್ಲವೂ ಅದರ ಹೊಟ್ಟೆಯಲ್ಲಿ ಬಾಗಿ ನಿಂತಿವೆ. ಅದರ ಮೈಯ ಎಡಭಾಗವನ್ನು ಮಾಸಲು ಬಣ್ಣದಲ್ಲಿ ಮುಗಿಸಿಯಾಗಿತ್ತು, ಬಲಭಾಗ ಬಾಕಿಯಿತ್ತು.

ಹಿಂದಿನ ಬಣ್ಣವನ್ನು ನೆನಪಿನಿಂದ ಮುಂದುವರಿಸಬಹುದಿತ್ತು. ಅದನ್ನು ಮಾಡದೆ, ಬಲಭಾಗವನ್ನು ಈಗಿರುವಂತೆಯೇ ಬರೆಯುತ್ತಿದ್ದೇನೆ. ಸಿದ್ದಾಪುರದವರು ಹೇಳಿದ ನಿಟ್ಟುಸಿರಿನ ಹಿತ್ತಾಳೆಗೂ ದಿನಬಳಕೆಯ ಹಿತ್ತಾಳೆಗೂ ಇರುವ ವ್ಯತ್ಯಾಸ ಇದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ; ಈ ಪಾತ್ರೆಯನ್ನು ಈಗಲೂ ಒಬ್ಬರು ತಿಕ್ಕುತ್ತಾರೆ. ಎರಡು ಭಾಗಗಳ ಫೋಟೊ ಹಾಕಿದ್ದೇನೆ.

ಸಿದ್ದಾಪುರ ತೋಟ

ನೋಡಿದೆ. ನಿಟ್ಟುಸಿರಿನ ಮಾತನ್ನು ಈ ಚಿತ್ರದ ಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದ ಹೋಂಸ್ಟೇ ಚಿತ್ರಗಳ ಮಟ್ಟಿಗೆ ಅಲ್ಲ.

ವಿರಾಜಪೇಟೆ ಡ್ರಾಯಿಂಗ್ ಮೇಷ್ಟ್ರು

ನನಗೆ ಮಾತ್ರ ಸಂದೇಹವಿದೆ. ಒಂದೇ ಪಾತ್ರೆಯ ಎರಡು ಮೈಗಳು ಎರಡು ಬೆಳಕಿನಲ್ಲಿ ಇದ್ದಂತೆ ಕಾಣುತ್ತಿವೆ. ಕಾರಣ ತಿಳಿಯದ ನೋಡುಗರು ಇದನ್ನು ಹೊಂದಾಣಿಕೆ ತಪ್ಪಿದ ಕೆಲಸವೆಂದೇ ಓದುತ್ತಾರೆ. 1667ರಲ್ಲಿ ಫ್ರಾನ್ಸಿನ ಕಲಾಲೇಖಕ ಫೆಲಿಬಿಯನ್ ಚಿತ್ರಪ್ರಕಾರಗಳಿಗೆ ಮೇಲುಕೀಳಿನ ಶ್ರೇಣಿ ಹಾಕಿ ಜೀವವಿಲ್ಲದ ವಸ್ತುಗಳ ಚಿತ್ರಗಳನ್ನು ಎಲ್ಲಕ್ಕಿಂತ ಕೆಳಗೆ ಕೂರಿಸಿದಾಗಿನಿಂದ, ನಮ್ಮ ಪ್ರಕಾರದವರು ಕಥೆಯ ಹಂಗಿಲ್ಲದೆ ಬರಿಯ ನೋಟದಿಂದಲೇ ಗೆಲ್ಲಬೇಕಾಗಿ ಬಂದಿದೆ. ಆ ಶ್ರೇಣಿ ಜಾರಿಯಲ್ಲಿದ್ದಾಗಲೇ ಚಿತ್ರಕಾರ ಶಾರ್ದೆನ್ 1728ರಲ್ಲಿ ಅಲ್ಲಿನ ಚಿತ್ರಕಲಾ ಅಕಾಡೆಮಿಯ ಸದಸ್ಯನಾದ, ಮೀನು ಮತ್ತು ಅಡುಗೆಮನೆಯ ಪಾತ್ರೆಗಳನ್ನು ಬರೆದೇ ಆದ. ಹಬ್ಬದ ಕಥೆಯನ್ನು ಪಕ್ಕದ ಚೀಟಿಯಲ್ಲಿ ಹೇಳಿದರಷ್ಟೇ ಅರ್ಥವಾಗುವ ಕಿಂಡಿಯನ್ನು ನಾನು ಒಪ್ಪಲಾರೆ.

ಗಾಳಿಬೀಡು ಕುಂಚ

ಮೇಷ್ಟ್ರೇ, ಚೀಟಿ ಇರುವುದಿಲ್ಲ. ಎರಡು ಮೈಗಳ ನಡುವಿನ ಗೆರೆಯಲ್ಲಿ ತಿಕ್ಕಿದ ಗುರುತೊಂದನ್ನು ಉಳಿಸಿದ್ದೇನೆ, ಹುಣಸೆಯ ನಾರೊಂದು ಗೋಣಿಚೀಲದ ಮೇಲೆ ಬಿದ್ದಿದೆ. ಅಷ್ಟರಿಂದ ತಿಳಿಯದಿದ್ದರೆ ತಮ್ಮ ಆಕ್ಷೇಪ ಸರಿಯೆಂದೇ ಇಟ್ಟುಕೊಳ್ಳೋಣ. ಮೂಲವನ್ನು ನೋಡಿದ ಮೇಲೆ ತಾವೇ ಹೇಳಬೇಕು.

ಗೋಡೆ ಮತ್ತು ಮೊಳೆ, ಮೈಸೂರು · ನವೆಂಬರ್

ಈಗ ಪ್ರದರ್ಶನದ ವಿಷಯಕ್ಕೆ ಬರೋಣ. ಜನವರಿಯೆಂದರೆ ಬೆಂಗಳೂರಿನ ಚಿತ್ರಸಂತೆಯ ತಿಂಗಳು. ಕುಮಾರಕೃಪಾ ರಸ್ತೆಯಲ್ಲಿ ಒಂದೇ ದಿನಕ್ಕೆ ಸೇರುವ ಜನಸಂದಣಿಯನ್ನು ಕಂಡು ಅಲ್ಲಿಗೇ ಹೋಗೋಣವೆಂದು ಮನಸ್ಸಾಗುವುದು ಸಹಜ. ಈ ಸರಣಿಗೆ ಅದು ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೂ ವಾರ್ನಿಷ್ ಕಾಣದ ತೈಲಚಿತ್ರವನ್ನು ಬಿಸಿಲು ಧೂಳಿನಲ್ಲಿ ರಸ್ತೆಬದಿಗೆ ಇಡಬಾರದು. ಅಲ್ಲದೆ ಕತ್ತಲಿನೊಳಗಿನ ಸಣ್ಣ ವ್ಯತ್ಯಾಸಗಳ ಮೇಲೆ ನಿಂತಿರುವ ಕಾಚಂಪುಳಿಯಂಥ ಚಿತ್ರವು ಹೊರಗಿನ ಬೆಳಕಿನಲ್ಲಿ ಬರಿಯ ಕಪ್ಪು ಚೌಕವಾಗಿ ಉಳಿಯುತ್ತದೆ. ಮೊದಲು ಮಡಿಕೇರಿಯಲ್ಲಿಯೇ ಒಂದು ಸಣ್ಣ ಸಭಾಂಗಣದಲ್ಲಿ ಮಾಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗೆ ಅರ್ಜಿ ಹಾಕುವುದಿದ್ದರೆ ಅದರ ಮುಂದಿನ ವರ್ಷಕ್ಕೆ ಹಾಕಿ. ಅಷ್ಟರಲ್ಲಿ ಪಾಯಸದ ಬಟ್ಟಲೂ ಸೇರುತ್ತದೆ.

ಬಾಡಿಗೆಯ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಟ್ಯೂಬ್‌ಲೈಟುಗಳಿರುತ್ತವೆ, ಅವುಗಳ ಬಿಳಿಚು ಬೆಳಕಿನಲ್ಲಿ ಹಿತ್ತಾಳೆ ಸತ್ತುಹೋಗುತ್ತದೆ. ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಸ್ಪಾಟ್‌ಗಳನ್ನು ಬಾಡಿಗೆಗೆ ತಂದು, ನೇರ ಎದುರಿನಿಂದ ಬಿಡದೆ ಮೇಲಿನಿಂದ ಓರೆಯಾಗಿ ಬಿಟ್ಟರೆ ಎಣ್ಣೆಯ ಮೇಲ್ಮೈ ಕಣ್ಣಿಗೆ ರಾಚುವುದಿಲ್ಲ. ಚಿತ್ರದ ನಡುಭಾಗವು ನೆಲದಿಂದ ಸುಮಾರು 145ರಿಂದ 152 ಸೆಂಟಿಮೀಟರ್ ಎತ್ತರದಲ್ಲಿರಲಿ. ಸಣ್ಣ ಚಿತ್ರಗಳನ್ನು ಒತ್ತೊತ್ತಾಗಿ ತೂಗುಹಾಕುವ ಆಸೆಯನ್ನು ಬಿಡಿ. ಮೇಷ್ಟ್ರು ನೆನೆದ ಶಾರ್ದೆನ್‌ನೇ 1755ರಿಂದ ಹಲವು ವರ್ಷ ಪ್ಯಾರಿಸಿನ ಸಲೋನ್ ಎಂಬ ಕಲಾಪ್ರದರ್ಶನದಲ್ಲಿ ಎಲ್ಲರ ಚಿತ್ರಗಳನ್ನು ತೂಗುಹಾಕುವ ಹೊಣೆ ಹೊತ್ತಿದ್ದವನು. ಬೇರೆಯವರ ದೊಡ್ಡ ಚಿತ್ರಗಳ ಸಾಲಿನಲ್ಲಿ ಒಂದು ಸಣ್ಣ ಬಟ್ಟಲು ಹೇಗೆ ಕಳೆದುಹೋಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿದ್ದಿರಬೇಕು.

ಸಾಗಿಸುವಾಗ ಬಬಲ್ ರ‍್ಯಾಪನ್ನು ಬಣ್ಣಕ್ಕೆ ತಾಗಿಸಬೇಡಿ, ಗುಳ್ಳೆಗಳ ಅಚ್ಚು ಮೂಡುತ್ತದೆ. ನಾಲ್ಕು ಮೂಲೆಗಳಲ್ಲಿ ಕಾರ್ಕ್ ತುಂಡುಗಳನ್ನಿಟ್ಟು ಎರಡು ಚಿತ್ರಗಳನ್ನು ಎದುರುಬದುರಾಗಿ ಕಟ್ಟಿ.

ಗಾಳಿಬೀಡು ಕುಂಚ · ಡಿಸೆಂಬರ್

ಮಡಿಕೇರಿಯಲ್ಲಿಯೇ ಮಾಡುವುದೆಂದು ನಿಶ್ಚಯಿಸಿದ್ದೇನೆ. ಕಿಂಡಿಯೂ ಬಕೆಟ್ಟೂ ಮುಗಿದಿವೆ. ಬಣ್ಣ ಹೀರಿಕೊಂಡು ಮಂಕಾಗಿದ್ದ ಜಾಗಗಳಿಗೆ ತೆಳುವಾಗಿ ಎಣ್ಣೆ ಸವರಿ ಒರೆಸಿದ್ದೇನೆ, ಪ್ರದರ್ಶನದ ಮಟ್ಟಿಗೆ ರೀಟಚಿಂಗ್ ವಾರ್ನಿಷ್ ಎಂಬ ತಾತ್ಕಾಲಿಕ ಲೇಪದ ಒಂದು ತೆಳು ಪದರ ಸಾಕು. ಈ ನಡುವೆ ಕೊಡಗಿನ ಕಿತ್ತಳೆಯ ಸಣ್ಣ ಹಲಗೆಗಳನ್ನೂ ಬರೆದೆ. ಸಿಪ್ಪೆ ಸಡಿಲವಾಗಿ, ಹಳದಿಯ ನಡುವೆ ಹಸಿರು ಉಳಿದಿರುವ ನಮ್ಮ ಹಣ್ಣನ್ನು ಬರೆಯುವಾಗ ಟ್ಯೂಬಿನ ಕೇಸರಿ ಬಣ್ಣವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಹಣ್ಣು ಕಾಯುವುದಿಲ್ಲವಾದ್ದರಿಂದ ಅದನ್ನು ಮೊದಲು ಮುಗಿಸಿ, ಸ್ಟೀಲ್ ಲೋಟವನ್ನು ಕೊನೆಗೆ ಇಟ್ಟುಕೊಂಡೆ.

ಪಾಯಸದ ಚಿತ್ರವನ್ನು ಅದರ ಬಣ್ಣದ ಟಿಪ್ಪಣಿಯ ಹಲಗೆಯ ಜೊತೆಗೆ, ಮುಗಿಯದ ಸ್ಥಿತಿಯಲ್ಲಿಯೇ ತೂಗುಹಾಕುತ್ತೇನೆ. ಬೆಲೆಪಟ್ಟಿಯಲ್ಲಿ ಅದರ ಎದುರು "ಮುಗಿದಿಲ್ಲ, ಮಾರಾಟಕ್ಕಿಲ್ಲ" ಎಂದಿರುತ್ತದೆ.

ಸಿದ್ದಾಪುರ ತೋಟ

ಬಕೆಟ್ಟಿನ ಚಿತ್ರ ನನಗಿರಲಿ. ನೀಲಿ ಈಗ ಸರಿಯಾಗಿದೆ. ಎರಡು ಸಂಗತಿಗಳನ್ನು ಮೊದಲೇ ಕೇಳಿಬಿಡುತ್ತೇನೆ: ಒಣಗದ ಚಿತ್ರವನ್ನು ಕೊಂಡರೆ ವಾರ್ನಿಷ್‌ನ ಹೊಣೆ ಯಾರದು? ಹಾಗೂ ನಮ್ಮ ಕಾಫಿಪುಡಿಯ ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕಿಸಬಹುದೇ?

ಗಾಳಿಬೀಡು ಕುಂಚ

ವಾರ್ನಿಷ್‌ನ ಹೊಣೆ ನನ್ನದು. ಮುಂದಿನ ವರ್ಷ ಮಳೆ ಕಳೆದು ಹವೆ ಒಣಗಿದ ಮೇಲೆ ತಮ್ಮ ಮನೆಗೇ ಬಂದು ಹಚ್ಚಿಕೊಡುತ್ತೇನೆ, ಇದನ್ನು ರಶೀದಿಯಲ್ಲಿಯೇ ಬರೆಯುತ್ತೇನೆ. ಅಚ್ಚಿನ ವಿಷಯ ಬೇರೆ. ನಾನಾಗಿ ಬರೆದು ಮಾರಿದ ಚಿತ್ರದ ಹಕ್ಕುಸ್ವಾಮ್ಯವು, ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು, ನನ್ನಲ್ಲಿಯೇ ಉಳಿಯುತ್ತದೆ. ಪೊಟ್ಟಣಕ್ಕೆ ಬೇಕಿದ್ದರೆ ಅದಕ್ಕೊಂದು ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳೋಣ.

ಗೋಡೆ ಮತ್ತು ಮೊಳೆ, ಮೈಸೂರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ, ಸೋಮವಾರಪೇಟೆಯವರಿಗೂ ಉಪಯೋಗವಾದೀತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತಮಗಾಗಿ ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಆದುದರಿಂದ ಬೇಡಿಕೆಯ ಮೇಲೆ ಬರೆಯುವವರು ಕುಂಚ ಹಿಡಿಯುವ ಮೊದಲೇ ಈ ಬಗ್ಗೆ ಕಾಗದ ಮಾಡಿಕೊಳ್ಳಬೇಕು. ಅದೇ ಕಾಯ್ದೆಯ 53ಎ ಕಲಮು, ಮೂಲಚಿತ್ರವು ಮುಂದೆ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಮೊದಲ ಹಕ್ಕುದಾರನಾದ ಕಲಾವಿದನಿಗೆ ಪಾಲನ್ನು ಕೊಡುತ್ತದೆ; ಆ ಪಾಲು ಶೇಕಡ 10ನ್ನು ಮೀರುವಂತಿಲ್ಲ. ಇದನ್ನು ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ, ಆದರೂ ಮಾರಿದ ಚಿತ್ರ ಯಾರ ಮನೆ ಸೇರಿತು ಎಂಬ ದಾಖಲೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಸಿದ್ದಾಪುರದವರು ಚಿತ್ರವನ್ನು ಮಳೆ ಹೊಡೆಯುವ ಹೊರಗೋಡೆಗೆ ಹಾಕದೆ ಒಳಗೋಡೆಗೆ ಹಾಕಲಿ. ಚೌಕಟ್ಟಿನ ಹಿಂದೆ ಕೆಳಮೂಲೆಗಳಲ್ಲಿ ಎರಡು ಕಾರ್ಕ್ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಮುಂದೆ ಗಾಜು ಬೇಡ.